ಆಸ್ಪೆನ್ನಿನ ಬೋಳುತಲೆಯ ಉಮೇದುವಾರ

1970ರ ಶರತ್ಕಾಲದಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದ ಆಸ್ಪೆನ್ ಎಂಬ ಬೆಟ್ಟದೂರಿನಲ್ಲಿ, ಚುನಾವಣೆಗೆ ನಿಂತಿದ್ದ ಒಬ್ಬ ಪತ್ರಕರ್ತ ತಲೆಯನ್ನು ನುಣ್ಣಗೆ ಬೋಳಿಸಿಕೊಂಡ. ಎದುರಾಳಿಯದು ಪೊಲೀಸ್ ಕಟಿಂಗ್, ಗಿಡ್ಡ ಕೂದಲು. ಬೋಳುತಲೆಯವನು ಸಭೆಗಳಲ್ಲಿ ಅವನನ್ನು ‘ಉದ್ದಗೂದಲಿನ ನನ್ನ ಎದುರಾಳಿ’ ಎಂದು ಕರೆಯತೊಡಗಿದ. ಕೂದಲು ಬಿಟ್ಟವರನ್ನೆಲ್ಲ ಹಿಪ್ಪಿಗಳೆಂದು ದೊಡ್ಡವರು ಮೂದಲಿಸುತ್ತಿದ್ದ ಕಾಲ ಅದು. ಒಂದು ಕ್ಷೌರದಿಂದ ಬೈಗುಳದ ದಿಕ್ಕೇ ಬದಲಾಯಿತು.

ಅವನ ಹೆಸರು ಹಂಟರ್ ಎಸ್. ಥಾಂಪ್ಸನ್. ನಿಂತದ್ದು ಶೆರಿಫ್ ಹುದ್ದೆಗೆ, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನ ಸ್ಥಾನಕ್ಕೆ. ಅಲ್ಲಿ ಅದನ್ನೂ ಜನರೇ ಆರಿಸುತ್ತಾರೆ. ವಿಸ್ಕಿ, ಬಂದೂಕು, ಮಾದಕವಸ್ತು, ಉದ್ದನೆಯ ಸಿಗರೇಟು ಹೋಲ್ಡರ್, ಇವುಗಳಿಂದ ಅವನನ್ನು ಈಗಲೂ ಗುರುತು ಹಿಡಿಯುತ್ತಾರೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಅವನ ಪ್ರಣಾಳಿಕೆಯನ್ನು ಓದಿದರೆ ಬೇರೆಯದೇ ಒಬ್ಬ ಮನುಷ್ಯ ಕಾಣುತ್ತಾನೆ. ಅದರ ವಿಷಯ ಮುಖ್ಯವಾಗಿ ಜಮೀನು.

ಅದಕ್ಕೆ ಊರಿನ ಕಥೆ ಸ್ವಲ್ಪ ತಿಳಿದಿರಬೇಕು. ಆಸ್ಪೆನ್ ಹುಟ್ಟಿದ್ದು ಬೆಳ್ಳಿ ಗಣಿಯಿಂದ. 1893ರಲ್ಲಿ ಸರ್ಕಾರ ಬೆಳ್ಳಿ ಕೊಳ್ಳುವುದನ್ನು ನಿಲ್ಲಿಸಿದಾಗ ಗಣಿಗಳು ಮುಚ್ಚಿದವು, ಸಾವಿರಾರು ಜನ ಗಂಟುಮೂಟೆ ಕಟ್ಟಿದರು. 1930ರ ಹೊತ್ತಿಗೆ ಉಳಿದವರು ಸುಮಾರು ಏಳುನೂರು ಮಂದಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಷಿಕಾಗೋದ ಉದ್ಯಮಿ ವಾಲ್ಟರ್ ಪೇಪ್ಕೆ ಬಂದು ಪಾಳುಬಿದ್ದ ಮನೆಗಳನ್ನು ಕೊಂಡ. 1946ರಲ್ಲಿ ಸ್ಕೀ ಕಂಪನಿ ಶುರುವಾಯಿತು. ಹಿಮ ಹಣವಾಯಿತು. ಥಾಂಪ್ಸನ್ ಅರವತ್ತರ ದಶಕದಲ್ಲಿ ಪಕ್ಕದ ವುಡಿ ಕ್ರೀಕ್‌ನಲ್ಲಿ ಬಂದು ನೆಲೆಸುವ ಹೊತ್ತಿಗೆ ಬೆಟ್ಟದ ಇಳಿಜಾರುಗಳನ್ನು ಸೈಟು ಮಾಡಿ ಮಾರುವವರ ಕಾಲ ಶುರುವಾಗಿತ್ತು. ಅದೇ ಕಾಲಕ್ಕೆ ಬೀದಿಯಲ್ಲಿ ಸುಮ್ಮನೆ ನಿಂತ ಹುಡುಗ ಹುಡುಗಿಯರನ್ನು ಅಲೆಮಾರಿಗಳೆಂದು ಹಿಡಿದು ದಂಡ ಹಾಕುತ್ತಿದ್ದರು.

1969ರಲ್ಲಿ ಥಾಂಪ್ಸನ್ ಮತ್ತು ಗೆಳೆಯರು ಸೇರಿ ಜೋ ಎಡ್ವರ್ಡ್ಸ್ ಎಂಬ ಯುವ ವಕೀಲನನ್ನು ಮೇಯರ್ ಸ್ಥಾನಕ್ಕೆ ನಿಲ್ಲಿಸಿದರು. ಹಿಪ್ಪಿಗಳ ಪರವಾಗಿ ಕೋರ್ಟಿಗೆ ಹೋಗಿದ್ದವನು ಅವನು. ಸೋತದ್ದು ಬರೀ ಆರು ಮತಗಳಿಂದ. ಮರುವರ್ಷ ಥಾಂಪ್ಸನ್ ತಾನೇ ಕಣಕ್ಕಿಳಿದ. ಆ ಆಂದೋಲನಕ್ಕೆ ಅವರು ಇಟ್ಟುಕೊಂಡ ಹೆಸರು ‘ಫ್ರೀಕ್ ಪವರ್’. ಫ್ರೀಕ್ ಎಂಬುದಕ್ಕೆ ನಮ್ಮಲ್ಲಿ ‘ತಿಕ್ಕಲು’ ಹತ್ತಿರದ ಮಾತು: ಬೈಗುಳವೂ ಹೌದು, ಸಲಿಗೆಯೂ ಹೌದು. ತಿಕ್ಕಲರ ಶಕ್ತಿ ಎಂದುಕೊಳ್ಳಬಹುದು.

ಪ್ರಣಾಳಿಕೆಯ ಮೊದಲ ಅಂಶ: ಊರಿನ ಡಾಂಬರು ಬೀದಿಗಳನ್ನೆಲ್ಲ ಅಗೆದು ಹುಲ್ಲು ಹಾಸುವುದು, ಕಾರುಗಳನ್ನು ಊರಾಚೆ ನಿಲ್ಲಿಸುವುದು. ಇನ್ನೊಂದು, ಆಸ್ಪೆನ್ ಎಂಬ ಹೆಸರನ್ನೇ ಬದಲಿಸಿ ‘ಫ್ಯಾಟ್ ಸಿಟಿ’ ಎಂದಿಡುವುದು. ಕನ್ನಡದಲ್ಲಿ ‘ಕೊಬ್ಬಿದೂರು’ ಎನ್ನಬಹುದೇನೋ. ನಕ್ಕು ಮುಂದೆ ಹೋಗಬಹುದು. ಆದರೆ ಇಡೀ ಪ್ರಣಾಳಿಕೆಯಲ್ಲಿ ಅತ್ಯಂತ ಲೆಕ್ಕಾಚಾರದ ಸಾಲು ಇದೇ ಇರಬೇಕು. ಸೈಟು ಮಾರುವವನು ಮಣ್ಣಿನ ಜೊತೆಗೆ ಹೆಸರನ್ನೂ ಮಾರುತ್ತಾನೆ. ‘ಆಸ್ಪೆನ್’ ಎಂದು ಫಲಕ ಹಾಕಿದರೆ ಬರುವ ಬೆಲೆ ‘ಕೊಬ್ಬಿದೂರು’ ಎಂದರೆ ಬರುವುದಿಲ್ಲ. ಹೆಸರು ಕೆಟ್ಟರೆ ಊರು ಉಳಿಯುತ್ತದೆ ಎಂಬ ಎಣಿಕೆ.

ಇನ್ನು ಮಾದಕವಸ್ತುವಿನಲ್ಲಿ ಮೋಸ ಮಾಡುವ ಮಾರಾಟಗಾರರನ್ನು ಕೋರ್ಟಿನ ಮುಂದಿನ ಹುಲ್ಲುಹಾಸಿನಲ್ಲಿ ಕೈಕಾಲಿಗೆ ಕೊರಡು ತೊಡಿಸಿ ಕೂರಿಸುವುದು. ಶೆರಿಫನಾಗಲಿ ಅವನ ಕೈಕೆಳಗಿನವರಾಗಲಿ ಸಾರ್ವಜನಿಕವಾಗಿ ಬಂದೂಕು ಹಿಡಿಯದಿರುವುದು, ಇದನ್ನು ಹೇಳಿದವನು ಸ್ವತಃ ಬಂದೂಕಿನ ಹುಚ್ಚ. ಕಲಾವಿದ ಟಾಮ್ ಬೆಂಟನ್ ಪೋಸ್ಟರ್ ಬರೆದುಕೊಟ್ಟ: ಎರಡು ಹೆಬ್ಬೆರಳುಗಳ ಒಂದು ಮುಷ್ಟಿ.

ಜನ ಇದನ್ನು ತಮಾಷೆ ಎಂದುಕೊಂಡಷ್ಟು ದಿನ ದೊಡ್ಡ ಪಕ್ಷಗಳಿಗೆ ತಲೆನೋವಿರಲಿಲ್ಲ. ಗೆದ್ದಾನು ಎಂಬ ಗುಮಾನಿ ಬಂದದ್ದೇ ತಡ, ಡೆಮೊಕ್ರಾಟರೂ ರಿಪಬ್ಲಿಕನ್ನರೂ ಕೈಜೋಡಿಸಿದರು. ಶೆರಿಫ್ ಸ್ಥಾನಕ್ಕೆ ರಿಪಬ್ಲಿಕನ್ನರು ತಮ್ಮವನ ಕೈಬಿಡುವುದು, ಕೌಂಟಿ ಕಮಿಷನರ್ ಸ್ಥಾನಕ್ಕೆ ಡೆಮೊಕ್ರಾಟರು ತಮ್ಮವನ ಕೈಬಿಡುವುದು ಎಂದು ಒಳಒಪ್ಪಂದವಾಯಿತು. ತಿಕ್ಕಲನನ್ನು ತಡೆಯಲು ಬೇಕಾದ ಒಗ್ಗಟ್ಟು ಸೈಟುಗಳ ವಿಷಯದಲ್ಲಿ ಯಾವತ್ತೂ ಬೇಕಾಗಿರಲಿಲ್ಲ. ಅಲ್ಲಿ ಅದು ಮೊದಲೇ ಇತ್ತು. ನವೆಂಬರಿನಲ್ಲಿ ಎಣಿಕೆಯಾದಾಗ ಆಸ್ಪೆನ್ ಪಟ್ಟಣ ಥಾಂಪ್ಸನ್ನನ ಕಡೆಗಿತ್ತು. ಕೌಂಟಿಯ ಉಳಿದ ಭಾಗ ಅವನನ್ನು ಸೋಲಿಸಿತು. ಜೆರೋಮ್ ಹೋಟೆಲಿನಲ್ಲಿ, ಬೋಳುತಲೆಯ ಮೇಲೆ ಹೊಂಬಣ್ಣದ ವಿಗ್ ಇಟ್ಟು, ರಾಷ್ಟ್ರಧ್ವಜ ಹೊದ್ದು ಅವನು ಸೋಲೊಪ್ಪಿಕೊಂಡ.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ, ವಿಗ್‌ನ ಫೋಟೋ ಹಾಕಿ. ಆದರೆ 1972ರಲ್ಲಿ ಅದೇ ಜೋ ಎಡ್ವರ್ಡ್ಸ್ ಕೌಂಟಿ ಕಮಿಷನರ್ ಆಗಿ ಗೆದ್ದ, ಜೊತೆಗೆ ಡ್ವೈಟ್ ಶೆಲ್ಮನ್ ಕೂಡ. ಒಂದೊಂದು ಎಕರೆಯಲ್ಲಿ ಎಷ್ಟು ಮನೆ ಕಟ್ಟಬಹುದು ಎಂಬ ಮಿತಿಯನ್ನು ಅವರು ಕಟ್ಟುನಿಟ್ಟಾಗಿ ಇಳಿಸಿದರು. 1976ರಲ್ಲಿ ಊರ ನಡುವಿನ ಕೆಲವು ಬೀದಿಗಳು ಕಾರುಗಳಿಗೆ ಮುಚ್ಚಿ, ಇಟ್ಟಿಗೆ ಹಾಸು, ಮರ, ನೀರಿನ ಕಾಲುವೆಗಳೊಂದಿಗೆ ಕಾಲ್ನಡಿಗೆಯವರಿಗೆ ಮೀಸಲಾದವು. ಹುಲ್ಲಲ್ಲ, ಇಟ್ಟಿಗೆ. ಮುಂದೆ ಥಾಂಪ್ಸನ್ನನ ಆಪ್ತ ಗೆಳೆಯ ಬಾಬ್ ಬ್ರಾಡಿಸ್ ಎರಡು ದಶಕಕ್ಕೂ ಹೆಚ್ಚು ಕಾಲ ಶೆರಿಫನಾಗಿದ್ದ.

ಅಷ್ಟಾದರೂ ಊರು ಉಳಿಯಿತೇ? ಕಣಿವೆಯ ಹೊಲ, ಕಾಡು ಉಳಿದವು, ಅದು ಸಣ್ಣದಲ್ಲ. ಆದರೆ ಮನೆ ಕಟ್ಟುವುದಕ್ಕೆ ಮಿತಿ ಬಿದ್ದಾಗ ಇದ್ದ ಮನೆಗಳ ಬೆಲೆ ಗಗನಕ್ಕೇರಿತು. ದುಡ್ಡಿದ್ದವರು ಇನ್ನಷ್ಟು ಬಂದರು. ಹೆಸರು ‘ಆಸ್ಪೆನ್’ ಆಗಿಯೇ ಉಳಿದಿತ್ತಲ್ಲ. ಸ್ಥಳೀಯ ದುಡಿಮೆಗಾರರಿಗಾಗಿ ಆಡಳಿತ ಬೆಲೆ ಕಟ್ಟಿಹಾಕಿ ಸುಮಾರು ಮೂರು ಸಾವಿರ ಮನೆಗಳನ್ನು ಕಾಯ್ದಿರಿಸಿದೆ, ಅದೂ ಸಾಲುತ್ತಿಲ್ಲ.

ಥಾಂಪ್ಸನ್ 2005ರ ಫೆಬ್ರವರಿಯಲ್ಲಿ ವುಡಿ ಕ್ರೀಕ್‌ನ ಮನೆಯಲ್ಲಿ ತೀರಿಕೊಂಡ. ಆಗಸ್ಟಿನಲ್ಲಿ ನಟ ಜಾನಿ ಡೆಪ್ ಖರ್ಚು ಹೊತ್ತು ಅಲ್ಲೇ 153 ಅಡಿ ಎತ್ತರದ ಗೋಪುರ ನಿಲ್ಲಿಸಿದ. ಅದರ ತುದಿಯಲ್ಲಿ ಅದೇ ಎರಡು ಹೆಬ್ಬೆರಳಿನ ಮುಷ್ಟಿ. ಅದರಿಂದ ಅವನ ಚಿತಾಭಸ್ಮವನ್ನು ಪಟಾಕಿಯೊಂದಿಗೆ ಆಕಾಶಕ್ಕೆ ಹಾರಿಸಿದರು. ಪತ್ರಿಕೆಗಳೆಲ್ಲ ಅದನ್ನು ಬರೆದವು. ಮುಷ್ಟಿಯ ಚಿತ್ರ ಈಗ ಟೀಶರ್ಟಿನ ಮೇಲಿದೆ, ಕಾಫಿ ಮಗ್ಗಿನ ಮೇಲಿದೆ.

ಆಸ್ಪೆನ್ನಿನ ಹೋಟೆಲುಗಳಲ್ಲಿ ಹಾಸಿಗೆ ಮಡಿಸುವವರು, ಅಡುಗೆ ಮಾಡುವವರು, ಗಾರೆ ಕೆಲಸದವರು ಬಹಳಷ್ಟು ಜನ ಕಣಿವೆಯ ಕೆಳಗೆ, ಅರವತ್ತು ಕಿಲೋಮೀಟರಿಗೂ ಆಚೆಯ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಲ್ಲಿ, ಇನ್ನೂ ದೂರದ ರೈಫಲ್‌ನಲ್ಲಿ ಇರುತ್ತಾರೆ. ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲೇ 82ನೇ ಹೆದ್ದಾರಿಯಲ್ಲಿ ಅವರ ಬಸ್ಸುಗಳು ಮೇಲಕ್ಕೆ ಹೊರಡುತ್ತವೆ. ವುಡಿ ಕ್ರೀಕ್‌ಗೆ ತಿರುಗುವ ರಸ್ತೆ ದಾರಿಯಲ್ಲೇ ಸಿಗುತ್ತದೆ.