ವೈದ್ಯವಿದ್ಯಾರ್ಥಿಯ ಸ್ವಾಸ್ಥ್ಯ: ಜೈನ ವೈದ್ಯಪರಂಪರೆಯ ಬೆಳಕಿನಲ್ಲಿ

ಚಿಕ್ಕೋಡಿ ಸೀಮೆಯ ಏಕಸಂಬಿಯ ಕ್ರಿ.ಶ. 1165ರ ಶಾಸನವು ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣನು ಕಟ್ಟಿಸಿದ ನೇಮಿನಾಥ ಬಸದಿಯನ್ನೂ ಯಾಪನೀಯ ಸಂಘದ ಮುನಿಗಳನ್ನೂ ಸ್ಮರಿಸುತ್ತದೆ. ಇಂತಹ ಬಸದಿಗಳನ್ನು ಪೋಷಿಸಿದ ಶ್ರಾವಕರಿಗೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನವೇ ಆದರ್ಶವಾಗಿತ್ತು. ಔಷಧವೂ ವಿದ್ಯೆಯೂ ಅಲ್ಲಿ ಒಂದೇ ಧರ್ಮದ ಅಂಗಗಳು.

ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಆಧರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ರಚಿಸಿದನು. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸೆ ಅದರ ವೈಶಿಷ್ಟ್ಯ. ಅದಕ್ಕೂ ಮುನ್ನ ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಸ್ವಾಸ್ಥ್ಯವನ್ನು ಪಾರಮಾರ್ಥಿಕ, ವ್ಯಾವಹಾರಿಕ ಎಂದು ಎರಡಾಗಿ ವಿಂಗಡಿಸಿದನು. ರೋಗಿಗೆ ವಿಧಿಸುವ ಅಹಿಂಸೆ, ಮಿತಾಹಾರಗಳು ಇಲ್ಲಿ ವೈದ್ಯನಿಗೂ ವ್ರತಗಳೇ.

ಈ ವಿವೇಕ ಜೈನರಿಗಷ್ಟೇ ಸೀಮಿತವಲ್ಲ. ಚರಕಸಂಹಿತೆಯ ವಿಮಾನಸ್ಥಾನವು ಶಿಷ್ಯನು ನಸುಕಿನಲ್ಲಿ ಎದ್ದು, ಶುಚಿಯಾಗಿ, ಸಮತಟ್ಟಾದ ಶುದ್ಧ ಸ್ಥಳದಲ್ಲಿ ಕುಳಿತು ಓದಬೇಕೆನ್ನುತ್ತದೆ. ದಿನಚರ್ಯೆಯೇ ಅಲ್ಲಿ ಅಧ್ಯಯನದ ಮೊದಲ ಪಾಠ.

ಆಧುನಿಕ ವೈದ್ಯಶಿಕ್ಷಣದಲ್ಲಿ ಈ ಪಾಠ ಹಿಂದೆ ಸರಿಯಿತು. ರಾತ್ರಿಪಾಳಿ, ಪರೀಕ್ಷೆಯ ಒತ್ತಡ, ಹೊತ್ತುಗೊತ್ತಿಲ್ಲದ ಊಟಗಳಲ್ಲಿ ಆರೋಗ್ಯ ಕಲಿಯುವವರೇ ಆರೋಗ್ಯ ಕಳೆದುಕೊಳ್ಳತೊಡಗಿದರು. ವಿಶ್ವ ವೈದ್ಯಕೀಯ ಸಂಘವು 1948ರ ಜಿನೀವಾ ಪ್ರತಿಜ್ಞೆಯನ್ನು 2017ರಲ್ಲಿ ಪರಿಷ್ಕರಿಸಿದಾಗ ಮಾತ್ರ ವೈದ್ಯನು ಸ್ವಂತ ಆರೋಗ್ಯವನ್ನೂ ಕಾಪಾಡಿಕೊಳ್ಳಬೇಕೆಂಬ ವಚನ ಅದರಲ್ಲಿ ಸೇರಿತು. ಆದರೆ ಪ್ರತಿಜ್ಞೆಯೊಂದೇ ಸಾಲದು. ಹಳೆಯ ಗುರುಗಳು ಶಿಷ್ಯನ ನಿದ್ರೆ, ಆಹಾರ, ಮನಃಶಾಂತಿಗಳನ್ನು ಪಾಠಕ್ರಮದೊಳಗೇ ಇರಿಸಿದ್ದರು; ಇಂದಿನ ವೈದ್ಯ, ದಾದಿ ವಿದ್ಯಾಲಯಗಳ ವೇಳಾಪಟ್ಟಿಯಲ್ಲಿಯೂ ಅವುಗಳಿಗೆ ಸ್ಥಾನ ದೊರೆತಾಗಲೇ ಆ ವಚನ ಸಾರ್ಥಕವಾದೀತು.