ಹಾಲ್‌ಗೆ ಬಂದ ಕಂಪ್ಯೂಟರ್: ಹೋಮ್ ಥಿಯೇಟರ್ ಮಿನಿ ಪಿಸಿಯ ಮೂರು ದಶಕ

ಓದುವ ಮೇಜಿನ ಮೇಲಿದ್ದ ಕಂಪ್ಯೂಟರನ್ನು ಎಬ್ಬಿಸಿ ಹಾಲ್‌ನಲ್ಲಿ ಟಿವಿಯ ಜಾಗದಲ್ಲಿ ಕೂರಿಸಬೇಕೆಂಬ ಆಸೆ ಹಳೆಯದು. 1996ರಲ್ಲೇ ಅಮೆರಿಕದ ಗೇಟ್‌ವೇ 2000 ಕಂಪನಿ 31 ಇಂಚಿನ ಮಾನಿಟರ್ ಸಮೇತ ‘ಡೆಸ್ಟಿನೇಷನ್’ ಎಂಬ ಕಂಪ್ಯೂಟರನ್ನು ಮಾರಾಟಕ್ಕಿಟ್ಟಿತ್ತು. ಸಾವಿರಾರು ಡಾಲರ್ ಬೆಲೆಯ ಆ ದೈತ್ಯವನ್ನು ಕೊಂಡವರು ಕಡಿಮೆ. ಅದರ ಮುಂದಿನ ವರ್ಷ ಅಮೆರಿಕದಲ್ಲಿ ಡಿವಿಡಿ ಬಂತು, ಆಟವೇ ಬದಲಾಯಿತು. ಆ ಕಾಲದ ಪ್ರೊಜೆಕ್ಟರ್‌ಗಳಲ್ಲಿ ಡಿವಿಡಿಯ ಚಿತ್ರ ಗೆರೆಗೆರೆಯಾಗಿ ಕಾಣುತ್ತಿತ್ತು. ಅದನ್ನು ನಯಗೊಳಿಸುವ ‘ಲೈನ್ ಡಬ್ಲರ್’ ಎಂಬ ಪೆಟ್ಟಿಗೆ ವಿಪರೀತ ದುಬಾರಿ. ಡಿವಿಡಿ ಡ್ರೈವ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಸಾಮಾನ್ಯ ಪಿಸಿ ಅದೇ ಕೆಲಸವನ್ನು ಎಷ್ಟೋ ಕಡಿಮೆ ಖರ್ಚಿನಲ್ಲಿ ಮಾಡುತ್ತದೆಂದು ಕೆಲವು ಸಿನಿಮಾ ಹುಚ್ಚರು ಕಂಡುಕೊಂಡರು. ಹೋಮ್ ಥಿಯೇಟರ್ ಪಿಸಿಯ ನಿಜವಾದ ಹುಟ್ಟು ಅಲ್ಲಿ.

2002ರಲ್ಲಿ ಮೈಕ್ರೋಸಾಫ್ಟ್ ‘ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಎಡಿಷನ್’ ತಂದಿತು. ಹಸಿರು ಗುಂಡಿಯ ರಿಮೋಟ್, ಸೋಫಾದಿಂದಲೇ ಓದಬಲ್ಲ ದೊಡ್ಡ ಅಕ್ಷರಗಳು. ಅದೇ ವರ್ಷ ಐಸಾಕ್ ರಿಚರ್ಡ್ಸ್ ಎಂಬ ಪ್ರೋಗ್ರಾಮರ್ ಲಿನಕ್ಸ್‌ಗಾಗಿ ‘ಮಿಥ್‌ಟಿವಿ’ ಬರೆಯಲು ತೊಡಗಿದರು. ಎರಡರ ಮುಖ್ಯ ಗುರಿಯೂ ಟಿವಿ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿ ಬೇಕೆಂದಾಗ ನೋಡುವುದು. ನಮ್ಮಲ್ಲಿ ಇದು ಬೇರೂರಲಿಲ್ಲ. ಕಂಪ್ಯೂಟರ್‌ನಲ್ಲಿ ಚಾನೆಲ್ ಹಿಡಿಯುವ ಟಿವಿ ಟ್ಯೂನರ್ ಕಾರ್ಡ್‌ಗಳು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಮಾರಾಟವಾದದ್ದು ಹಾಸ್ಟೆಲ್ ಮತ್ತು ಪಿಜಿ ಹುಡುಗರಿಗೆ. ಬೇರೆ ಟಿವಿ ಕೊಳ್ಳದೆ ಮಾನಿಟರ್‌ನಲ್ಲೇ ಕ್ರಿಕೆಟ್ ನೋಡುವುದು ಅವರ ಉದ್ದೇಶ. ಡಿಟಿಎಚ್ ಬಂದು, 2013ರ ಹೊತ್ತಿಗೆ ಬೆಂಗಳೂರಿನಂಥ ನಗರಗಳ ಕೇಬಲ್ ಕೂಡ ಡಿಜಿಟಲ್ ಆದಮೇಲೆ ಚಾನೆಲ್‌ಗಳೆಲ್ಲ ಸೆಟ್‌ಟಾಪ್ ಬಾಕ್ಸ್‌ನ ಬೀಗದೊಳಗೆ ಸೇರಿದವು. ಟ್ಯೂನರ್ ಕಾರ್ಡ್‌ಗೆ ಕೆಲಸವೇ ಉಳಿಯಲಿಲ್ಲ. ಮೀಡಿಯಾ ಸೆಂಟರ್ ಕೂಡ ವಿಂಡೋಸ್ 10ರ ಹೊತ್ತಿಗೆ ಕಣ್ಮರೆಯಾಯಿತು.

ಗಾತ್ರದ ಕಥೆ ಬೇರೆ. ಆಗಿನ ಪೆಂಟಿಯಂ 4 ಚಿಪ್‌ಗಳಲ್ಲಿ ಕೆಲವು 115 ವ್ಯಾಟ್‌ವರೆಗೆ ಶಾಖ ಉಗುಳುತ್ತಿದ್ದವು. ಅವನ್ನು ತಣ್ಣಗಿಡುವ ಫ್ಯಾನ್‌ನ ಸದ್ದಿನಲ್ಲಿ ಪಿಸುಮಾತಿನ ಸಂಭಾಷಣೆ ಮುಳುಗಿಹೋಗುತ್ತಿತ್ತು. 2001ರಲ್ಲಿ ತೈವಾನ್‌ನ ವಿಯಾ ಕಂಪನಿ 17 ಸೆಂಟಿಮೀಟರ್ ಚೌಕದ ‘ಮಿನಿ ಐಟಿಎಕ್ಸ್’ ಬೋರ್ಡ್ ತಂದಿತು. ತಣ್ಣಗಿತ್ತು, ಸದ್ದಿರಲಿಲ್ಲ, ಶಕ್ತಿಯೂ ಇರಲಿಲ್ಲ. 2005ರ ಜನವರಿಯಲ್ಲಿ 499 ಡಾಲರ್‌ಗೆ ಬಂದ ಆಪಲ್‌ನ ಮ್ಯಾಕ್ ಮಿನಿ ಅಂದದಲ್ಲಿ ಎಲ್ಲರನ್ನೂ ಮೀರಿಸಿತು. ಟಿವಿಗೆ ನೇರ ಜೋಡಿಸುವ ಎಚ್‌ಡಿಎಂಐ ಪೋರ್ಟ್ ಅದಕ್ಕೆ ಸಿಕ್ಕಿದ್ದು ಮಾತ್ರ 2010ರಲ್ಲಿ.

ಈ ನಡುವೆ ಅತ್ಯುತ್ತಮ ತಂತ್ರಾಂಶ ಹುಟ್ಟಿದ್ದು ಯಾರೂ ನಿರೀಕ್ಷಿಸದ ಕಡೆ. ಮೈಕ್ರೋಸಾಫ್ಟ್‌ನದೇ ಆಟದ ಪೆಟ್ಟಿಗೆ ಎಕ್ಸ್‌ಬಾಕ್ಸ್‌ನ ಬೀಗ ಮುರಿದ ಹವ್ಯಾಸಿಗಳು, 733 ಮೆಗಾಹರ್ಟ್ಸ್ ಚಿಪ್ ಮತ್ತು 64 ಎಂಬಿ ಮೆಮೊರಿಯಲ್ಲೇ ಸಿನಿಮಾ ಓಡಿಸುವ ‘ಎಕ್ಸ್‌ಬಿಎಂಸಿ’ ಕಟ್ಟಿದರು. ಮುಂದೆ ಅದು ಎಲ್ಲ ಬಗೆಯ ಕಂಪ್ಯೂಟರ್‌ಗಳಿಗೂ ಹಬ್ಬಿ, 2014ರಲ್ಲಿ ‘ಕೋಡಿ’ ಎಂದು ಹೆಸರು ಬದಲಿಸಿಕೊಂಡಿತು. ಇಂದಿಗೂ ಹೋಮ್ ಥಿಯೇಟರ್‌ಗಾಗಿ ಮಿನಿ ಪಿಸಿ ಕೊಳ್ಳುವ ಹಲವರು ಮೊದಲು ಹಾಕಿಕೊಳ್ಳುವುದು ಇದನ್ನೇ. ಪ್ಲೆಕ್ಸ್ ಎಂಬ ಇನ್ನೊಂದು ಮೀಡಿಯಾ ತಂತ್ರಾಂಶವೂ ಇದರಿಂದಲೇ ಕವಲೊಡೆದದ್ದು.

ಈ ಇತಿಹಾಸದ ಅಸಲಿ ತಿರುವು 2008–09ರದು. ಸಂಕುಚಿತ ವಿಡಿಯೊವನ್ನು ಬಿಡಿಸಿ ಪರದೆಗೆ ಕಳಿಸುವ ಡಿಕೋಡಿಂಗ್ ಕೆಲಸವನ್ನು ಅಲ್ಲಿಯವರೆಗೆ ಬಹುಮಟ್ಟಿಗೆ ಮುಖ್ಯ ಪ್ರೊಸೆಸರೇ ಹೊರುತ್ತಿತ್ತು. ಬ್ಲೂ-ರೇ ಜೊತೆ ಬಂದ ಎಚ್.264 ವಿಡಿಯೊ ಮುಂದೆ ದೊಡ್ಡ ಡೆಸ್ಕ್‌ಟಾಪ್‌ಗಳೂ ಏದುಸಿರು ಬಿಟ್ಟವು. ಆಗ ಎನ್‌ವಿಡಿಯಾ ‘ಅಯಾನ್’ ಹೆಸರಿನಲ್ಲಿ, ಇಂಟೆಲ್‌ನ ಬಡಪಾಯಿ ಆಟಮ್ ಪ್ರೊಸೆಸರ್ ಪಕ್ಕಕ್ಕೆ ವಿಡಿಯೊ ಬಿಡಿಸಬಲ್ಲ ಗ್ರಾಫಿಕ್ಸ್ ಚಿಪ್ ಜೋಡಿಸಿತು. ಏಸರ್ ‘ರೆವೊ’ದಂಥ, ಪುಸ್ತಕದಷ್ಟು ದಪ್ಪದ ಡಬ್ಬಗಳು ಪೂರ್ಣ ಎಚ್‌ಡಿ ಸಿನಿಮಾವನ್ನು ತಡವರಿಸದೆ ತೋರಿಸಿದವು. ಅದೇ ಯಂತ್ರದಲ್ಲಿ ವೆಬ್ ಪುಟ ತೆರೆಯಲು ತಿಣುಕಬೇಕಿತ್ತು ಅನ್ನುವುದು ಬೇರೆ ಮಾತು. ಪ್ರೊಸೆಸರ್ ಎಷ್ಟು ವೇಗದ್ದು ಎಂಬ ಪ್ರಶ್ನೆಗೆ ಹೋಮ್ ಥಿಯೇಟರ್‌ನಲ್ಲಿ ಬೆಲೆ ಇಲ್ಲವಾದದ್ದು ಅಂದಿನಿಂದ. ಯಾವ ಬಗೆಯ ವಿಡಿಯೊಗೆ ಚಿಪ್‌ನೊಳಗೇ ಡಿಕೋಡರ್ ಇದೆ ಎಂಬುದೇ ಮುಖ್ಯ. ಅಂಗಡಿಯವರು ಈಗಲೂ ‘ಐ5 ಇದೆ, ಐ7 ಇದೆ’ ಎಂದೇ ಮಾರುತ್ತಾರೆ.

2012ರಲ್ಲಿ ಬ್ರಿಟನ್‌ನಿಂದ ಬಂದ 35 ಡಾಲರ್‌ನ ರಾಸ್‌ಬೆರಿ ಪೈ ಇದಕ್ಕೆ ಒಳ್ಳೆಯ ಸಾಕ್ಷಿ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ಮಾಡಿದ, ಅಂಗೈಯಷ್ಟಗಲದ ಆ ಬೋರ್ಡ್‌ನ ಪ್ರೊಸೆಸರ್ ಬರೀ 700 ಮೆಗಾಹರ್ಟ್ಸ್‌ನದು. ಆದರೂ ಪೂರ್ಣ ಎಚ್‌ಡಿ ಸಿನಿಮಾ ಸಲೀಸಾಗಿ ಓಡಿತು. ಹಳೆಯ ಡಿವಿಡಿಗಳ ಎಂಪೆಗ್-2 ವಿಡಿಯೊ ಬೇಕಿದ್ದರೆ 2.40 ಪೌಂಡ್ ಕೊಟ್ಟು ಲೈಸೆನ್ಸ್ ಕೊಳ್ಳಬೇಕಿತ್ತು: ಡಿಕೋಡರ್ ಚಿಪ್‌ನೊಳಗೇ ಇದೆ, ತೆರೆಯಲು ಮಾತ್ರ ಬೀಗದ ಕೈ ಬೇಕು. 2023ರ ಪೈ 5ರಲ್ಲಿ ಎಚ್.264ರ ಡಿಕೋಡರನ್ನೇ ತೆಗೆದು, 4ಕೆ ಸಿನಿಮಾಗಳ ಎಚ್‌ಇವಿಸಿಯದನ್ನು ಮಾತ್ರ ಉಳಿಸಿದರು. ಎಚ್.264 ಬಿಡಿಸುವುದನ್ನು ತಾನೇ ನಿಭಾಯಿಸುವಷ್ಟು ಪ್ರೊಸೆಸರ್ ಈಗ ಗಟ್ಟಿಯಾಗಿದೆ.

ಇಂಟೆಲ್ ಕೂಡ 2012–13ರಲ್ಲಿ ಸುಮಾರು ನಾಲ್ಕು ಇಂಚು ಚೌಕದ ‘ನಕ್’ ತಂದು ಮಿನಿ ಪಿಸಿ ಎಂಬ ವರ್ಗವನ್ನು ಗಟ್ಟಿಗೊಳಿಸಿತು. ಅದಕ್ಕೂ ಮುಂಚಿನ ಇಂಟೆಲ್‌ನ ಒಂದು ಎಡವಟ್ಟನ್ನು ಹಳಬರು ಮರೆತಿಲ್ಲ. ಡಿಸ್ಕ್‌ಗಳಲ್ಲಿ ಸಿನಿಮಾ ಸೆಕೆಂಡಿಗೆ 23.976 ಚೌಕಟ್ಟುಗಳ ವೇಗದಲ್ಲಿರುತ್ತದೆ. 2011ರ ಇಂಟೆಲ್ ಚಿಪ್‌ಗಳು ಟಿವಿಗೆ ಕಳಿಸುತ್ತಿದ್ದದ್ದು ಸರಿಯಾಗಿ 24. ಹೀಗಾಗಿ ಸುಮಾರು 40 ಸೆಕೆಂಡಿಗೊಮ್ಮೆ ಚಿತ್ರ ಒಂದು ಕ್ಷಣ ತೊದಲುತ್ತಿತ್ತು. ಬಹಳ ಮಂದಿಗೆ ಕಾಣುತ್ತಲೇ ಇರಲಿಲ್ಲ, ಕಂಡವರಿಗೆ ನಿದ್ದೆ ಬರಲಿಲ್ಲ. 2023ರಲ್ಲಿ ಇಂಟೆಲ್ ನಕ್ ಕೈಬಿಟ್ಟು ಏಸಸ್‌ಗೆ ವಹಿಸಿತು.

ತಾಂತ್ರಿಕ ತೊಡಕುಗಳೆಲ್ಲ ತೀರುವ ಹೊತ್ತಿಗೆ ಅನುಮತಿಯ ತೊಡಕು ಎದ್ದಿತು. ಸಾವಿರಗಟ್ಟಲೆ ರೂಪಾಯಿಯ ಮಿನಿ ಪಿಸಿ ಮಾಡಲಾಗದ್ದನ್ನು, ಭಾರತಕ್ಕೆ 2017ರಲ್ಲಿ ಬಂದ ಅಮೆಜಾನ್ ಫೈರ್ ಟಿವಿ ಸ್ಟಿಕ್‌ನಂಥ ಕಡ್ಡಿಗಳು ಸುಲಭವಾಗಿ ಮಾಡುತ್ತವೆ. ಒಟಿಟಿ ಕಂಪನಿಗಳು ತಮ್ಮ ಉತ್ತಮ ಗುಣಮಟ್ಟದ ಚಿತ್ರವನ್ನು ತಾವು ಒಪ್ಪಿದ ಸಾಧನಗಳಿಗೆ ಮಾತ್ರ ಕಳಿಸುತ್ತವೆ. ಪಿಸಿಯಲ್ಲಿ ನೆಟ್‌ಫ್ಲಿಕ್ಸ್‌ನ 4ಕೆ ಬಂದದ್ದು 2016ರ ಕೊನೆಗೆ. ಅದೂ ಇಂಟೆಲ್‌ನ ಏಳನೇ ಪೀಳಿಗೆಯ ಚಿಪ್, ವಿಂಡೋಸ್ 10, ಎಡ್ಜ್ ಬ್ರೌಸರ್ ಎಲ್ಲ ಕೂಡಿಬಂದರೆ. ಲಿನಕ್ಸ್ ಹಾಕಿದರೆ ಆ ದಾರಿಯೂ ಇಲ್ಲ. 4ಕೆ ಬ್ಲೂ-ರೇ ಡಿಸ್ಕ್‌ನ ಗತಿ ಇನ್ನೂ ವಿಚಿತ್ರ. ಪಿಸಿಯಲ್ಲಿ ಅದನ್ನು ಅಧಿಕೃತವಾಗಿ ನೋಡಲು ಇಂಟೆಲ್‌ನ ‘ಎಸ್‌ಜಿಎಕ್ಸ್’ ಎಂಬ ಭದ್ರತಾ ವ್ಯವಸ್ಥೆ ಕಡ್ಡಾಯವಾಗಿತ್ತು. ಹನ್ನೊಂದನೇ ಪೀಳಿಗೆಯಿಂದ ಇಂಟೆಲ್ ತನ್ನ ಮನೆಬಳಕೆಯ ಚಿಪ್‌ಗಳಿಂದ ಅದನ್ನೇ ತೆಗೆದುಹಾಕಿತು. ಹಣ ಕೊಟ್ಟು ಕೊಂಡ ಡಿಸ್ಕ್ ಹಳೆಯ ಕಂಪ್ಯೂಟರ್‌ನಲ್ಲಿ ಓಡುತ್ತಿತ್ತು, ಹೊಸದರಲ್ಲಿ ಓಡಲಿಲ್ಲ. ಇದು ಗ್ರಾಹಕರಿಗೆ ಮಾಡಿದ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹಾಗಾದರೆ ಇಂದು ಮಿನಿ ಪಿಸಿ ಯಾರಿಗೆ? ಹಳೆಯ ಕನ್ನಡ ಚಿತ್ರಗಳ ಡಿವಿಡಿ, ಮದುವೆ–ಮುಂಜಿಯ ವಿಡಿಯೊ, ಸಂಗೀತ ಕಛೇರಿಗಳ ಧ್ವನಿಮುದ್ರಣ ಹೀಗೆ ಸ್ವಂತ ಸಂಗ್ರಹವನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡವರಿಗೆ. ಅಂಥವರಿಗೆ 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್‌ನ ಡಬ್ಬ ಸಾಕು. ಚಿಪ್‌ನ ನಿಗದಿತ ಶಾಖ ಬರೀ 6 ವ್ಯಾಟ್. ಎಚ್‌ಇವಿಸಿ ಜೊತೆಗೆ, ಯೂಟ್ಯೂಬ್ ಹೆಚ್ಚುಹೆಚ್ಚಾಗಿ ಬಳಸುತ್ತಿರುವ ಎವಿ1ಕ್ಕೂ ಡಿಕೋಡರ್ ಇದೆ. ಇದಕ್ಕಿಂತ ಎಷ್ಟೋ ಬಲಶಾಲಿಯಾದ ಎಎಂಡಿ ರೈಜನ್ 5000 ಸರಣಿಯ ಮಿನಿ ಪಿಸಿಗಳಲ್ಲಿ ಎವಿ1 ಡಿಕೋಡರ್ ಇಲ್ಲ, 6000 ಸರಣಿಯವುಗಳಲ್ಲಿ ಇದೆ. ಆಫೀಸುಗಳಿಂದ ಹೊರಬಿದ್ದು ರಿಫರ್ಬಿಷ್ಡ್ ಹೆಸರಲ್ಲಿ ಸಿಗುವ ಲೆನೊವೊ ಟೈನಿ, ಡೆಲ್ ಮೈಕ್ರೋಗಳು ಅಗ್ಗವೂ ಹೌದು, ಗಟ್ಟಿಯೂ ಹೌದು. ಆದರೆ ಕೆಲವದರಲ್ಲಿ ಇರುವುದು ಡಿಸ್‌ಪ್ಲೇಪೋರ್ಟ್ ಮಾತ್ರ. ಟಿವಿಯ ಎಚ್‌ಡಿಎಂಐಗೆ ಜೋಡಿಸಲು ಅಗ್ಗದ ಕನ್ವರ್ಟರ್ ಹಾಕಿದರೆ 4ಕೆ ಚಿತ್ರ ಸೆಕೆಂಡಿಗೆ 30 ಚೌಕಟ್ಟಿಗೆ ನಿಂತುಬಿಡುತ್ತದೆ. 60 ಬೇಕಾದರೆ ‘ಆ್ಯಕ್ಟಿವ್’ ಕನ್ವರ್ಟರ್ ಕೇಳಿ ಕೊಳ್ಳಬೇಕು.

ಟಿವಿಯ ರಿಮೋಟ್‌ನಿಂದಲೇ ಕೋಡಿಯನ್ನು ನಡೆಸಬಹುದಾದ ಸಿಇಸಿ ಸೌಲಭ್ಯ ರಾಸ್‌ಬೆರಿ ಪೈಯಲ್ಲಿದೆ, ಹೆಚ್ಚಿನ ಮಿನಿ ಪಿಸಿಗಳಲ್ಲಿ ಇಲ್ಲ. ಮನೆಯ ಹಿರಿಯರೂ ಬಳಸುವುದಾದರೆ ಇದು ಸಣ್ಣ ಸಂಗತಿಯಲ್ಲ. ಯುಎಸ್‌ಬಿ ರಿಮೋಟ್ ಒಂದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಡಾಲ್ಬಿ ಟ್ರೂಎಚ್‌ಡಿಯಂಥ ಪೂರ್ಣ ಗುಣಮಟ್ಟದ ಧ್ವನಿ ಬೇಕಿದ್ದರೆ ಡಬ್ಬವನ್ನು ಟಿವಿಗಲ್ಲ, ನೇರ ಆಡಿಯೊ ರಿಸೀವರ್‌ಗೆ ಜೋಡಿಸಿ. ಟಿವಿ ಮೂಲಕವೇ ಹೋಗಬೇಕೆಂದರೆ ಟಿವಿ, ರಿಸೀವರ್ ಎರಡರಲ್ಲೂ ಇಎಆರ್‌ಸಿ ಸೌಲಭ್ಯದ ಎಚ್‌ಡಿಎಂಐ ಪೋರ್ಟ್ ಇರಬೇಕು.

ನೋಡುವುದೆಲ್ಲ ಒಟಿಟಿಯೇ ಆಗಿದ್ದರೆ ಮಿನಿ ಪಿಸಿಗೆ ಹಣ ಸುರಿಯಬೇಡಿ, ಸ್ಟಿಕ್ ಸಾಕು. ಕೊಳ್ಳುವುದೇ ಆದರೆ ಒಂದು ಪೆನ್‌ಡ್ರೈವ್‌ನಲ್ಲಿ 10 ಬಿಟ್ ಎಚ್‌ಇವಿಸಿ ಮತ್ತು ಎವಿ1ನ 4ಕೆ ತುಣುಕುಗಳನ್ನು ಹಾಕಿಕೊಂಡು ಅಂಗಡಿಗೆ ಹೋಗಿ. ಅಲ್ಲೇ 4ಕೆ ಟಿವಿಗೆ ಜೋಡಿಸಿ ಓಡಿಸಿ ತೋರಿಸಲು ಕೇಳಿ, ಫ್ಯಾನ್‌ನ ಸದ್ದಿಗೂ ಕಿವಿಗೊಡಿ. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.