ಅರ್ಧ ಬಲದ ಲೆಕ್ಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಕೊಯ್ಲಿನ ದಿನ ತೋಟದಲ್ಲಿ ನಿಂತರೆ ಒಂದು ತಾಲೀಮು ಕಣ್ಣೆದುರೇ ನಡೆಯುತ್ತದೆ. ಕೊನೆಗಾರ ಕಾಲಿಗೆ ತಳೆ ಸಿಕ್ಕಿಸಿಕೊಂಡು ಐವತ್ತು ಅರವತ್ತು ಅಡಿಯ ಮರವನ್ನು ಸರಸರ ಏರುತ್ತಾನೆ. ತುದಿಯಲ್ಲಿ ಕೂತು ಕೊನೆ ಕೊಯ್ದು ಹಗ್ಗಕ್ಕೆ ಬಿಡುವಷ್ಟರಲ್ಲಿ ಏದುಸಿರು ಹದಕ್ಕೆ ಬಂದಿರುತ್ತದೆ. ಆಮೇಲೆ ಮರವನ್ನೇ ತೂಗಿ ಪಕ್ಕದ ಮರ ಹಿಡಿಯುತ್ತಾನೆ, ಮತ್ತೆ ಮೈಯೆಲ್ಲ ಬಿಲ್ಲಿನಂತೆ ಬಿಗಿಯುತ್ತದೆ. ಕೆಳಗೆ ಹಗ್ಗ ಹಿಡಿದವನು ಬೇರೆ, ಕೊನೆ ಹೊರುವವರು ಬೇರೆ, ಉದುರಡಿಕೆ ಹೆಕ್ಕುವವರು ಬೇರೆ. ಮೊಣಕಾಲು ಸೋತ ಹಳೆಯ ಕೊನೆಗಾರ ರಾತ್ರಿ ಮೆಟ್ಟುಗತ್ತಿಯ ಮುಂದೆ ಸುಲಿಯಲು ಕೂರುತ್ತಾನೆ. ಕೆಲಸ ಒಂದೇ, ಪಾಲು ಮಾತ್ರ ಅವರವರ ಮೈಗೆ ತಕ್ಕಂತೆ.

ಇದೇ ಸೀಮೆಯ ಪೇಟೆಗಳಿಗೂ ಈಗ ಜಿಮ್ಮು ಬಂದಿದೆ. ಜಿಮ್ಮಿಗೆ ಹೋಗದವರ ಮನೆಗೆ ಫೋನಿನಲ್ಲೇ ತರಗತಿ ಬಂದಿದೆ. ಸ್ಪೀಕರಿನಲ್ಲಿ ಹಾಡು, ಗೋಡೆಯಲ್ಲಿ ಗಡಿಯಾರ, ಎದುರಿಗೆ ಇಪ್ಪತ್ತೈದರ ತರಬೇತುದಾರ. ನಲವತ್ತು ಸೆಕೆಂಡ್ ಜಿಗಿತ, ಇಪ್ಪತ್ತು ಸೆಕೆಂಡ್ ವಿಶ್ರಾಂತಿ. ‘ಹಿಟ್’ ಎಂದು ಕರೆಸಿಕೊಳ್ಳುವ ಈ ಬಿರುಸಿನ ಗುಂಪು ವ್ಯಾಯಾಮದಲ್ಲಿ ಕಾಲೇಜು ಹುಡುಗ, ಬಾಣಂತನ ಮುಗಿಸಿದ ಹೆಂಗಸು, ಬಿಪಿ ಮಾತ್ರೆ ನುಂಗುವ ಬೆಳೆಗಾರ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ತೋಟದಲ್ಲಿ ಯಾರೂ ಹೇಳಿಕೊಡದೆ ನಡೆದುಬಂದ ಪಾಲು ಹಂಚಿಕೆಯನ್ನು ಈ ಜಿಮ್ಮಿನೊಳಕ್ಕೆ ತರುವುದು ಹೇಗೆ ಎಂಬುದೇ ವ್ಯಾಯಾಮಶಾಸ್ತ್ರ ಬಹುಕಾಲದಿಂದ ಬಿಡಿಸುತ್ತ ಬಂದ ಲೆಕ್ಕ. ಅದರ ಹಲವು ಮೆಟ್ಟಿಲುಗಳು ಕನ್ನಡ ನೆಲದಲ್ಲೇ ಇವೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಅಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಲಾಗಿದೆ, ಅವರ ಸಾಧನೆ ಮತ್ತು ಊಟದ ವಿಚಾರವೂ ಬರುತ್ತದೆ. ಅರಮನೆಯ ಮನರಂಜನೆಯ ಪುಸ್ತಕ ಅದು, ಆರೋಗ್ಯದ ಪುಸ್ತಕವಲ್ಲ. ಆದರೂ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ಎಚ್ಚರ ಅದಕ್ಕಿತ್ತು.

ಆಯುರ್ವೇದ ಇನ್ನೂ ಸೂಕ್ಷ್ಮಕ್ಕೆ ಇಳಿಯಿತು. ಕೊಪ್ಪದಲ್ಲಿರುವ ಆಯುರ್ವೇದ ಕಾಲೇಜಿನ ವಿದ್ಯಾರ್ಥಿಗಳು ಓದಲೇಬೇಕಾದ ಸುಶ್ರುತ, ವಾಗ್ಭಟರ ಗ್ರಂಥಗಳು ವ್ಯಾಯಾಮಕ್ಕೆ ಹಾಕುವ ಮಿತಿ ‘ಅರ್ಧಶಕ್ತಿ’, ಎಂದರೆ ಅವರವರ ಬಲದ ಅರ್ಧ. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಸುಶ್ರುತ ಕೊಡುವ ಗುರುತು ಸರಳ: ಎದೆಯ ಉಸಿರು ಬಾಯಿಗೆ ಬರಬೇಕು. ಬಾಯಲ್ಲಿ ಉಸಿರಾಡಲು ಶುರುವಾಯಿತೆಂದರೆ ಅಂದಿನ ಪಾಲು ಮುಗಿಯಿತು. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇಷ್ಟನ್ನೂ ನೋಡಿಯೇ ವ್ಯಾಯಾಮ ಮಾಡಬೇಕು ಎಂಬ ಮಾತೂ ಅಲ್ಲಿದೆ. ಅರ್ಧಶಕ್ತಿಯ ವ್ಯಾಯಾಮವನ್ನು ಚಳಿಗಾಲಕ್ಕೂ ವಸಂತಕ್ಕೂ ಇಟ್ಟ ವಾಗ್ಭಟ ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ ಸಾಕು ಎನ್ನುತ್ತಾನೆ. ಮಕ್ಕಳು, ಮುದುಕರು, ಅಜೀರ್ಣದವರು ಬಿಟ್ಟೇಬಿಡಬೇಕಂತೆ. ಮುದುಕರ ವಿಷಯದಲ್ಲಿ ಇಂದಿನ ವೈದ್ಯರು ಅವನ ಮಾತು ಒಪ್ಪುವುದಿಲ್ಲ. ಉಸಿರಿನ ಗುರುತನ್ನು ಮಾತ್ರ, ಬೇರೆ ಹೆಸರಿನಲ್ಲಿ, ಈಗಲೂ ಬಳಸುತ್ತಾರೆ.

20ನೇ ಶತಮಾನದ ಮೊದಲರ್ಧದಲ್ಲಿ ಮೈಸೂರು ಸಂಸ್ಥಾನದಲ್ಲಿ ಎರಡು ದಾರಿಗಳು ಒಟ್ಟೊಟ್ಟಿಗೆ ತೆರೆದುಕೊಂಡವು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ 1922ರಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಶುರುಮಾಡಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದಷ್ಟೇ ಅವರನ್ನು ಬಲ್ಲ ಓದುಗರಿಗೆ ಅವರ ಬಾರ್‌ಬೆಲ್ ಹಿಡಿದ ಚಿತ್ರಗಳು ಬೆರಗು ಹುಟ್ಟಿಸುತ್ತವೆ. ಅವರು ಕಬ್ಬಿಣದ ಭಾರದ ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನೂ ಬೆರೆಸಿದರು, ಅಂಚೆಯ ಮೂಲಕವೂ ಪಾಠ ಕಳಿಸಿದರು. ಅಂಚೆಗೆ ಶಿಷ್ಯನ ಮೈ ಕಾಣುವುದಿಲ್ಲ. ಈ ತೊಡಕು ಮುಂದೆ ಫೋನಿನ ಕಾಲದಲ್ಲಿ ಮತ್ತೆ ಎದುರಾಗುತ್ತದೆ.

ಇನ್ನೊಂದು ದಾರಿ ಮೈಸೂರಿನ ಜಗನ್ಮೋಹನ ಅರಮನೆಯದು. ಚಿತ್ರದುರ್ಗ ಸೀಮೆಯ ಮುಚುಕುಂದೆಯಲ್ಲಿ ಹುಟ್ಟಿದ ತಿರುಮಲೆ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಅಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಕನ್ನಡದಲ್ಲೇ ಅಚ್ಚಾಯಿತು. 1941ರ ‘ಯೋಗಾಸನಗಳು’ ಪುಸ್ತಕದಲ್ಲಿ ಆಸನಗಳನ್ನು ಮೂರು ಮೆಟ್ಟಿಲುಗಳಾಗಿ ಹಂಚಿದ ಪಟ್ಟಿಯಿದೆ: ಹೊಸಬರಿಗೆ, ನಡುವಿನವರಿಗೆ, ಪಳಗಿದವರಿಗೆ. ಅವರ ಶಿಷ್ಯ, ಹಾಸನದ ಬಳಿಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ತಮ್ಮದೇ ಶಾಲೆ ತೆರೆದರು. ಅಲ್ಲಿ ಬೆಳೆದ ಕ್ರಮಕ್ಕೆ ಜಗತ್ತಿನ ಯೋಗಶಾಲೆಗಳಲ್ಲಿ ಇಂದಿಗೂ ‘ಮೈಸೂರು ಸ್ಟೈಲ್’ ಎಂದೇ ಹೆಸರು. ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಸೇರಿರುತ್ತಾರೆ, ಮುಂದೆ ನಿಂತು ಎಣಿಸುವವರು ಯಾರೂ ಇರುವುದಿಲ್ಲ. ಒಬ್ಬ ಸೂರ್ಯನಮಸ್ಕಾರದಲ್ಲಿದ್ದರೆ ಪಕ್ಕದವನು ಆರನೆಯ ಆಸನದಲ್ಲಿ, ಮೂಲೆಯವಳು ಬೆನ್ನು ಬಿಲ್ಲಾಗಿಸಿ ನಿಂತಿರುತ್ತಾಳೆ. ಗುರು ಒಬ್ಬೊಬ್ಬರ ಬಳಿ ಬಂದು ಕೈಹಚ್ಚುತ್ತಾರೆ, ಇದು ಪಳಗಿದ ಮೇಲೆಯೇ ಮುಂದಿನದು. ಗುಂಪು ವ್ಯಾಯಾಮವನ್ನು ಒಬ್ಬೊಬ್ಬರಿಗೂ ಹೊಂದಿಸಲು ಹೊರಟವರು ಈ ಕೋಣೆಯನ್ನು ಒಮ್ಮೆ ನೋಡಿದ್ದರೆ ಎಷ್ಟೋ ಹಾಳೆ ಉಳಿಯುತ್ತಿತ್ತು.

ಆದರೂ ಇದರಲ್ಲೊಂದು ಕೊರತೆ ಉಂಟು. ಏಣಿ ಒಂದೇ, ಹತ್ತುವ ವೇಗ ಮಾತ್ರ ಬೇರೆ ಬೇರೆ. ಮೆಟ್ಟಿಲೇ ಎಟುಕದವನ ಪಾಡೇನು? ಇದಕ್ಕೆ ಉತ್ತರ ಕೊಟ್ಟವರು ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಎಳವೆಯಲ್ಲಿ ಕ್ಷಯ, ಮಲೇರಿಯಾ, ಟೈಫಾಯಿಡ್‌ಗಳಿಂದ ಜರ್ಜರಿತರಾದ ಅವರಿಗೆ ಎಟುಕದಿರುವುದೆಂದರೇನೆಂದು ಸ್ವಂತ ಮೈಯಿಂದ ಗೊತ್ತಿತ್ತು. ಮಡಚುವ ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಕಂಬಳಿ ಸುರುಳಿಗಳನ್ನು ಅವರು ಆಸನಕ್ಕೆ ಊರುಗೋಲಾಗಿ ತಂದರು. ಕೈ ನೆಲ ಮುಟ್ಟದಿದ್ದರೆ ನೆಲವನ್ನೇ ಕೈಯ ತನಕ ಎತ್ತಿಕೊಟ್ಟಂತಾಯಿತು.

ಪಶ್ಚಿಮದವರು ಈ ಲೆಕ್ಕಕ್ಕೆ ಗಡಿಯಾರ ತಂದರು. ಸರ್ಕಿಟ್ ತರಬೇತಿ ರೂಪುಗೊಂಡಿದ್ದು 1953ರಲ್ಲಿ, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ, ಮಾರ್ಗನ್ ಮತ್ತು ಆಡಮ್ಸನ್ ಎಂಬಿಬ್ಬರ ಕೈಯಲ್ಲಿ. ಕೋಣೆಯ ಸುತ್ತ ಹತ್ತಾರು ಠಾಣೆ, ಒಂದೊಂದರಲ್ಲಿ ಒಂದೊಂದು ವ್ಯಾಯಾಮ. ಮೊದಲು ಒಬ್ಬನಿಗೆ ಗರಿಷ್ಠ ಎಷ್ಟು ಸಲ ಸಾಧ್ಯ ಎಂದು ಪರೀಕ್ಷಿಸಿ, ಅದರ ಅರ್ಧವನ್ನೇ ಅವನ ನಿತ್ಯದ ಪ್ರಮಾಣವಾಗಿ ಬರೆದುಕೊಡುತ್ತಿದ್ದರು. ಸುಶ್ರುತನನ್ನು ಓದದೆಯೂ ಅವರು ಬಂದು ತಲುಪಿದ್ದು ಅರ್ಧಕ್ಕೇ. ಮುಂದೆ ಸರ್ಕಿಟ್ ಜಗತ್ತೆಲ್ಲ ಹಬ್ಬಿತು, ಅರ್ಧದ ನಿಯಮ ದಾರಿಯಲ್ಲೇ ಉದುರಿಹೋಯಿತು.

ಉದುರಿದ್ದು ಅದೊಂದೇ ಅಲ್ಲ. ಇಂದು ಯಾವ ಹಿಟ್ ತರಗತಿಯೂ ಬಿಡದ ‘ಬರ್ಪಿ’ಯ ಕಥೆ ಕೇಳಿ. ಕುಕ್ಕರಗಾಲಲ್ಲಿ ಕೂತು, ಕೈ ಊರಿ, ಎರಡೂ ಕಾಲು ಹಿಂದಕ್ಕೆ ಎಸೆದು, ಮತ್ತೆ ಒಳಕ್ಕೆಳೆದು ಎದ್ದು ನಿಲ್ಲುವ ಈ ಕ್ರಿಯೆಯನ್ನು ಅಮೆರಿಕದ ರಾಯಲ್ ಬರ್ಪಿ ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ ರೂಪಿಸಿದರು. ಅದು ವ್ಯಾಯಾಮವಾಗಿರಲಿಲ್ಲ, ಮೈ ಎಷ್ಟು ಗಟ್ಟಿ ಎಂದು ಅಳೆಯುವ ಪರೀಕ್ಷೆಯಾಗಿತ್ತು. ನಾಲ್ಕೇ ನಾಲ್ಕು ಸಲ ಮಾಡಿಸಿ ನಾಡಿ ಎಣಿಸುತ್ತಿದ್ದರು. ಜಿಗಿತವೂ ಇಲ್ಲ, ದಂಡವೂ ಇಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆ ಅದನ್ನು ಎತ್ತಿಕೊಂಡು ಎಷ್ಟು ಬೇಗ, ಎಷ್ಟು ಹೆಚ್ಚು ಎಂಬ ಪಂದ್ಯವಾಗಿಸಿತು. ಈಗ ಫೋನಿನೊಳಗಿನ ತರಬೇತುದಾರ ನೂರು ಬರ್ಪಿಯ ಸವಾಲು ಹಾಕುತ್ತಾನೆ.

ಜಪಾನಿನ ಇಝುಮಿ ತಬಾಟಾ ಹೆಸರಿಗೂ ಇದೇ ಗತಿ. 1996ರ ಅವರ ಅಧ್ಯಯನದಲ್ಲಿ 20 ಸೆಕೆಂಡ್ ತುಳಿತ, 10 ಸೆಕೆಂಡ್ ಬಿಡುವು, ಹೀಗೆ ಏಳೆಂಟು ಸುತ್ತು. 6 ವಾರಗಳಲ್ಲಿ ಆಮ್ಲಜನಕ ಬಳಸುವ ಸಾಮರ್ಥ್ಯವೂ ಹೆಚ್ಚಿತು, ಆಮ್ಲಜನಕದ ನೆರವಿಲ್ಲದೆ ದುಡಿಯುವ ಸಾಮರ್ಥ್ಯ ಶೇ 28ರಷ್ಟು ಏರಿತು. ತುಳಿದವರು ಮಾತ್ರ ಪಳಗಿದ ತರುಣರು, ಅದೂ ಲ್ಯಾಬಿನ ಸೈಕಲ್ಲಿನ ಮೇಲೆ. ಸೈಕಲ್ಲಿನಲ್ಲಿ ಸುಸ್ತಾದವನ ಕಾಲು ನಿಲ್ಲುತ್ತದೆ, ಅಷ್ಟೆ. ಜಿಗಿಯುತ್ತ ಸುಸ್ತಾದವನ ಮಂಡಿ ತಿರುಚುತ್ತದೆ. ‘ತಬಾಟಾ’ ಎಂದು ಹಾಡು ಹಾಕುವವರು ಈ ವ್ಯತ್ಯಾಸ ಹೇಳುವುದು ಅಪರೂಪ.

2000ದಲ್ಲಿ ಶುರುವಾದ ಅಮೆರಿಕದ ಕ್ರಾಸ್‌ಫಿಟ್, ಎಲ್ಲರಿಗೂ ಒಂದೇ ಪಾಠ ಒಗ್ಗದೆಂಬ ತೊಡಕನ್ನು ಗುರುತಿಸಿ ‘ಸ್ಕೇಲಿಂಗ್’ ಎಂಬ ಮಾತು ತಂದಿತು: ಅದೇ ಪಾಠವನ್ನು ಭಾರ, ಎಣಿಕೆ, ಚಲನೆ ಇಳಿಸಿ ಮಾಡುವುದು. ಮಾತು ಒಳ್ಳೆಯದೇ. ಆದರೆ ಬೋರ್ಡಿನಲ್ಲಿ ಇಳಿಸದೆ ಮಾಡಿದವರ ಹೆಸರಿನ ಮುಂದೆ ಗುರುತು ಬಿದ್ದಾಗ ಇಳಿಸಿದವನಿಗೆ ಮನಸ್ಸು ಮುದುಡದೆ ಇರುತ್ತದೆಯೇ? ಬೆಂಗಳೂರಿನಲ್ಲಿ 2016ರಲ್ಲಿ ಹುಟ್ಟಿದ ಕ್ಯೂರ್‌ಫಿಟ್ ‘ಕಲ್ಟ್’ ಹೆಸರಿನ ಗುಂಪು ತರಗತಿಗಳನ್ನು ಊರ ತುಂಬ ಹರಡಿತು, 2020ರ ಲಾಕ್‌ಡೌನಿನಲ್ಲಿ ಅದೇ ತರಗತಿ ಫೋನಿಗೂ ಇಳಿಯಿತು. ಮಲೆನಾಡಿನ ಮನೆಯ ಚಾವಡಿಗೂ ಅದು ತಲುಪಿತು, ನೆಟ್‌ವರ್ಕ್ ಇದ್ದಷ್ಟು ಹೊತ್ತು. ವಿಡಿಯೊ ನಡುವೆ ನಿಂತು ಚಕ್ರ ಸುತ್ತುವಾಗ ಸಿಗುವ ಬಿಡುವೇ ಎಷ್ಟೋ ಜನರ ಪಾಲಿನ ಸ್ಕೇಲಿಂಗ್ ಆಗಿದ್ದಿರಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಕರ್ನಾಟಕದ ಜಿಮ್ಮುಗಳ ಮಾತೇ ಬದಲಾಯಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ಬೆಳೆಯಿತು. ಜಿಮ್ಮೇ ಕೊಂದಿತು ಎಂದು ಹೇಳಿಬಿಡುವುದು ಸುಲಭ. ವಿಜ್ಞಾನ ಅಷ್ಟು ನೇರವಾಗಿಲ್ಲ. ನಾರ್ವೆಯಲ್ಲಿ ಉಲ್ರಿಕ್ ವಿಸ್ಲೊಫ್ ತಂಡ 2007ರಲ್ಲಿ ಹೃದಯವೈಫಲ್ಯದ 27 ರೋಗಿಗಳಿಗೆ ತರಬೇತಿ ಕೊಟ್ಟು ನೋಡಿತು. ಅವರ ಸರಾಸರಿ ವಯಸ್ಸು 75. ವೈದ್ಯರ ಕಣ್ಣೆದುರು 4 ನಿಮಿಷದ ಬಿರುಸು ನಡಿಗೆ, ನಡುನಡುವೆ ನಿಧಾನದ ನಡಿಗೆ, ಹೀಗೆ 12 ವಾರ. ಬಿರುಸಿನ ಗುಂಪಿನ ಆಮ್ಲಜನಕ ಸಾಮರ್ಥ್ಯ ಶೇ 46ರಷ್ಟು ಹೆಚ್ಚಿದರೆ ಒಂದೇ ಸಮನೆ ನಡೆದವರದು ಶೇ 14ರಷ್ಟು. ಆ ಮುದುಕರಿಗೆ ಬಿರುಸೆಂದರೆ ಏರಿನ ಟ್ರೆಡ್‌ಮಿಲ್ಲಿನ ನಡಿಗೆಯೇ, ಜಿಗಿತವಲ್ಲ. 2017ರಲ್ಲಿ ಯೂರೋಪಿನ ಹಲವು ಕೇಂದ್ರಗಳಲ್ಲಿ 261 ರೋಗಿಗಳ ಮೇಲೆ ಇದನ್ನೇ ಮತ್ತೆ ಪರೀಕ್ಷಿಸಿದಾಗ ಅಷ್ಟು ಅಂತರ ಕಾಣಲಿಲ್ಲ. ಬಿರುಸಿನ ಗುಂಪಿನ ಅರ್ಧದಷ್ಟು ಜನ ಹೇಳಿದ ಬಿರುಸನ್ನು ಮುಟ್ಟಿಯೇ ಇರಲಿಲ್ಲ. ಕಾಗದದಲ್ಲಿ ಬರೆದದ್ದು ಒಂದು, ಮೈ ಒಪ್ಪಿದ್ದು ಇನ್ನೊಂದು.

ಹಾಗಾದರೆ ಮೈ ಎಷ್ಟಕ್ಕೆ ಒಪ್ಪುತ್ತಿದೆ ಎಂದು ಅಳೆಯುವುದು ಹೇಗೆ? 220ರಿಂದ ವಯಸ್ಸು ಕಳೆದು ಗರಿಷ್ಠ ನಾಡಿ ಲೆಕ್ಕ ಹಾಕುವ ಸೂತ್ರ ಬಾಯಿಪಾಠವಾಗಿದೆ, ಆದರೆ ಅದು ಸರಾಸರಿಯ ಸೂತ್ರ. ಬಿಪಿಗೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ನಾಡಿ ಏರುವುದೇ ಕಡಿಮೆ, ಅವರ ಕೈಯ ಸ್ಮಾರ್ಟ್‌ವಾಚ್ ‘ಇನ್ನೂ ಬೇಗ’ ಎನ್ನುತ್ತಲೇ ಇರುತ್ತದೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಆಯಾಸವನ್ನು ಮೈಯ ಒಡೆಯನ ಬಾಯಿಂದಲೇ ಹೇಳಿಸಲು 6ರಿಂದ 20ರ ತನಕದ ಅಳತೆ ಮಾಡಿದರು. ಅದಕ್ಕಿಂತ ಸುಲಭದ್ದು ಮಾತಿನ ಪರೀಕ್ಷೆ. ಮಲೆನಾಡಿನಲ್ಲಾದರೆ ಹೀಗೆ ಮಾಡಬಹುದು: ಸುತ್ತಿನ ನಡುವೆ ‘ನಿನ್ನೆ ನಿಮ್ಮಲ್ಲಿ ಎಷ್ಟಿಂಚು ಮಳೆ ಮಾರಾಯ್ರೆ?’ ಎಂದು ಕೇಳಬೇಕು. ಹಳ್ಳ ತುಂಬಿದ್ದು, ಕರೆಂಟು ಹೋದದ್ದೆಲ್ಲ ಸೇರಿಸಿ ಉತ್ತರ ಬಂದರೆ ಇನ್ನೂ ಬಿರುಸು ಬೇಕು. ‘ಮೂರಿಂಚು’ ಎಂದಷ್ಟೇ ಬಂದರೆ ಬಿರುಸು ಸಾಕು. ಬಾಯಿ ಬಿಡದೆ ಮೂರು ಬೆರಳು ತೋರಿಸಿದರೆ ಅವರನ್ನು ನಿಧಾನಕ್ಕೆ ನಡೆಸಬೇಕು.

ಒಂದೇ ಸುತ್ತನ್ನು ಹತ್ತಿರದಿಂದ ನೋಡೋಣ. ಬಸ್ಕಿಯ ಠಾಣೆಯಲ್ಲಿ ಹುಡುಗ ಪೂರ್ತಿ ಕೂತು ಜಿಗಿದೇಳುತ್ತಾನೆ, ನಡುವಯಸ್ಸಿನವರು ಜಿಗಿಯದೆ ಏಳುತ್ತಾರೆ, ಮಂಡಿ ನೋವಿನವರು ಬೆಂಚಿಗೆ ಕುಂಡೆ ತಾಗಿಸಿ ಏಳುತ್ತಾರೆ. ದಂಡ ನೆಲದಲ್ಲಾಗದಿದ್ದರೆ ಮೇಜಿಗೆ, ಅದೂ ಆಗದಿದ್ದರೆ ಗೋಡೆಗೆ ಕೈಯೂರಿ. ಬರ್ಪಿಯಲ್ಲಿ ಎರಡೂ ಕಾಲು ಎಸೆಯುವ ಬದಲು ಜಗಲಿಕಟ್ಟೆ ಹಿಡಿದು ಒಂದೊಂದೇ ಕಾಲು ಹಿಂದಿಟ್ಟರಾಯಿತು. ಹೆರಿಗೆಯಾದ ಹೆಂಗಸರಲ್ಲಿ ಹಲವರಿಗೆ ಜಿಗಿದಾಗ ಮೂತ್ರ ಸೋರುತ್ತದೆ. ನಾಚಿಕೆಯಿಂದ ಹೇಳದೆ ತರಗತಿಯನ್ನೇ ಬಿಡುವವರಿದ್ದಾರೆ. ಜಿಗಿತದ ಜಾಗದಲ್ಲಿ ಬಿರುಸು ಹೆಜ್ಜೆ ಇಟ್ಟರೆ ಅವರು ಉಳಿಯುತ್ತಾರೆ. ಬಿಪಿ ಇದ್ದವರು ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಬಹಳ ಸಲ ಚಲನೆಯನ್ನು ಮುಟ್ಟುವುದೂ ಬೇಡ, ಗಡಿಯಾರ ತಿರುಗಿಸಿದರೆ ಸಾಕು: 20 ಸೆಕೆಂಡ್ ಕೆಲಸಕ್ಕೆ 10ರ ಬದಲು 40 ಸೆಕೆಂಡ್ ಬಿಡುವು.

ದೇಶ, ಕಾಲ ನೋಡು ಎಂಬ ಸುಶ್ರುತನ ಮಾತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೆ ಅಕ್ಷರಶಃ ಹೊಂದುತ್ತದೆ. ಶೃಂಗೇರಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ಮೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾಕಿಂಗ್ ಎಂಬುದು ಕೊಡೆಯೊಳಗಿನ ಸಾಹಸ, ಗುಂಪು ವ್ಯಾಯಾಮ ಸೂರಿನಡಿಯೇ ಆಗಬೇಕು. ನೆಲದ ತೇವಕ್ಕೆ ಜಿಗಿದರೆ ಜಾರುವುದೂ ಖಂಡಿತ. ಬೇಸಿಗೆಯಲ್ಲಿ ಮಂಗನ ಕಾಯಿಲೆ. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ನಿಶ್ಶಕ್ತಿ ಉಳಿಸುವ ಆ ಕಾಯಿಲೆಯಿಂದ ಎದ್ದವನು ಹಳೆಯ ಮಟ್ಟದಿಂದಲೇ ಶುರುಮಾಡಲು ಹೋದರೆ ಮೈ ಕೈಕೊಡುತ್ತದೆ. ಎದೆನೋವು ಬಂದರೆ ದೊಡ್ಡಾಸ್ಪತ್ರೆಗೆ ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೆ ಹೋಗಬೇಕು, ಇಲ್ಲವೇ ಶಿವಮೊಗ್ಗದ ದಾರಿ ಹಿಡಿಯಬೇಕು. ಪುನೀತ್ ಹೆಸರಿನಲ್ಲೇ ರಾಜ್ಯ ಸರ್ಕಾರ ತಂದ ಹೃದಯಜ್ಯೋತಿ ಯೋಜನೆ ತಾಲ್ಲೂಕು ಮಟ್ಟದಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ತೋರಿಸುವ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಏರ್ಪಾಡು. ನಲವತ್ತು ದಾಟಿ ಮೊದಲ ಸಲ ತರಗತಿಗೆ ಸೇರುವವರಿಗೆ ಎದೆನೋವು, ತಲೆಸುತ್ತು, ಮಾತ್ರೆಗಳ ಬಗ್ಗೆ ನಾಲ್ಕು ಪ್ರಶ್ನೆ ಕೇಳಲು ಮಾತ್ರ ಯಾವ ಯೋಜನೆಯೂ ಬೇಕಿಲ್ಲ, ಒಂದು ಪುಸ್ತಕ, ಒಂದು ಪೆನ್ನು ಸಾಕು.

ಇತ್ತ ತೋಟದಲ್ಲೂ ಸ್ಕೇಲಿಂಗ್ ನಡೆದಿದೆ. ಮರ ಏರುವವರು ಸಿಗದೆ ಬೆಳೆಗಾರರು ಕಾರ್ಬನ್ ಫೈಬರ್ ದೋಟಿ ಕೊಂಡಿದ್ದಾರೆ. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನೂ ಹೊಡೆಯಬಹುದು. ತೊಡೆ, ಹಿಮ್ಮಡಿಯ ದುಡಿಮೆ ಈಗ ಕತ್ತು, ಹೆಗಲಿಗೆ ಏರಿದೆ. ದಿನವಿಡೀ ತಲೆ ಮೇಲೆತ್ತಿ ದೋಟಿ ಹಿಡಿದ ಹುಡುಗ ಸಂಜೆ ಕೊಪ್ಪದ ಜಿಮ್ಮಿಗೆ ಬಂದರೆ ಅವನಿಗೆ ಅಂದು ಭುಜದ ಮೇಲಿನ ಭಾರ ಬೇಡ, ಬಸ್ಕಿ ಹೊಡೆಯಲಿ.